ಮೆಂಡೆಲೀಯ ಯಾದೃಚ್ಛೀಕರಣ

ಮೆಂಡೆಲೀಯ ಯಾದೃಚ್ಛೀಕರಣ ಎಂಬುದು ಮನುಷ್ಯರಲ್ಲಿ ಹುಟ್ಟಿನಿಂದಲೇ ಇರುವ ವಂಶವಾಹಿಗಳ ವ್ಯತ್ಯಾಸವನ್ನು ಆಧಾರವಾಗಿಟ್ಟುಕೊಂಡು, ಒಂದು ಅಂಶವು ಒಂದು ರೋಗಕ್ಕೆ ನಿಜವಾಗಿಯೂ ಕಾರಣವೇ ಅಥವಾ ಅದರ ಜೊತೆಯಲ್ಲಿ ಸುಮ್ಮನೆ ಕಾಣಿಸಿಕೊಳ್ಳುತ್ತಿದೆಯೇ ಎಂಬುದನ್ನು ಪರೀಕ್ಷಿಸುವ ಸಂಶೋಧನಾ ವಿಧಾನ. ಇದು ಎಪಿಡೆಮಿಯಾಲಜಿ ಎಂಬ ಶಾಸ್ತ್ರಕ್ಕೆ ಸೇರಿದುದು. ಕನ್ನಡದಲ್ಲಿ ಈ ಶಾಸ್ತ್ರವನ್ನು ಸಾಂಕ್ರಾಮಿಕ ರೋಗಶಾಸ್ತ್ರವೆಂದು ಕರೆಯುವ ರೂಢಿಯಿದೆ. ಆದರೆ ಅದರ ವ್ಯಾಪ್ತಿ ಅಂಟುರೋಗಗಳಿಗೆ ಸೀಮಿತವಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್, ಶಿಶುಗಳ ಕಡಿಮೆ ಜನನ ತೂಕ ಮುಂತಾದವು ಜನಸಮುದಾಯದಲ್ಲಿ ಯಾರಿಗೆ, ಎಷ್ಟು, ಏಕೆ ಬರುತ್ತವೆ ಎಂಬುದೂ ಅದರ ವಿಷಯವೇ. ತಂದೆ ತಾಯಿಯರಿಂದ ಮಕ್ಕಳಿಗೆ ಗುಣಗಳು ಹರಿದುಬರುವ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್ ಅವರ ಹೆಸರು ಈ ವಿಧಾನಕ್ಕೆ ಅಂಟಿಕೊಂಡಿದೆ. ಮೆಂಡೆಲ್ ಅವರು ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳು 1866ರಲ್ಲಿ ಪ್ರಕಟವಾದವು. ರೋಗಗಳ ಕಾರಣವನ್ನು ಹುಡುಕುವುದು ಅವರ ಉದ್ದೇಶವಾಗಿರಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ವಿಧಾನದ ಅತ್ಯಂತ ಸ್ಪಷ್ಟವಾದ ಉದಾಹರಣೆ ಮೈಸೂರಿನ ತಾಯಂದಿರು ಹಾಗೂ ಅವರ ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ. ಅದನ್ನು ಮುಂದೆ ವಿವರಿಸಲಾಗಿದೆ.

ಜೊತೆಯಲ್ಲಿರುವುದೆಲ್ಲ ಕಾರಣವಲ್ಲ

ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದರೆ ಅವುಗಳ ನಡುವೆ ಸಹಸಂಬಂಧವಿದೆ ಎನ್ನುತ್ತಾರೆ. ಸಹಸಂಬಂಧವು ಮೂರು ಬಗೆಯಲ್ಲಿ ಉಂಟಾಗಬಹುದು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರಬಹುದು. ಎರಡನೆಯದೇ ಮೊದಲನೆಯದಕ್ಕೆ ಕಾರಣವಾಗಿರಬಹುದು. ಇದನ್ನು ವಿಲೋಮ ಕಾರಣತೆ ಎನ್ನಬಹುದು. ಅಥವಾ ಎರಡಕ್ಕೂ ಹಿಂದೆ ಮೂರನೆಯ ಕಾರಣವೊಂದು ಅಡಗಿರಬಹುದು. ಈ ಮೂರನೆಯ ಅಂಶಕ್ಕೆ ಸಂಖ್ಯಾಶಾಸ್ತ್ರದಲ್ಲಿ ಗೊಂದಲಕಾರಿ ಅಂಶ ಎಂದು ಹೆಸರು.

ಗರ್ಭಿಣಿಯೊಬ್ಬಳ ರಕ್ತದಲ್ಲಿ ಬಿ12 ಜೀವಸತ್ವ ಕಡಿಮೆಯಿದೆ. ಆಕೆಗೆ ಹುಟ್ಟಿದ ಮಗುವಿನ ತೂಕವೂ ಕಡಿಮೆ. ಹಾಗಾದರೆ ಬಿ12 ಕೊರತೆಯೇ ಮಗುವಿನ ತೂಕವನ್ನು ಇಳಿಸಿತೇ? ಹಾಗೆನ್ನುವಂತಿಲ್ಲ. ಬಿ12 ಕಡಿಮೆಯಿರುವ ಮನೆಯಲ್ಲಿ ಹಾಲು, ಮೊಸರು, ಮೊಟ್ಟೆ, ಮಾಂಸ ಕಡಿಮೆಯಿರಬಹುದು. ಅಂದರೆ ಒಟ್ಟು ಆಹಾರವೇ ಕಡಿಮೆಯಿರಬಹುದು. ಆಕೆ ತುಂಬು ಗರ್ಭಿಣಿಯಾಗಿಯೂ ಕೂಲಿಗೆ ಹೋಗುತ್ತಿರಬಹುದು. ರಕ್ತಹೀನತೆ ಇರಬಹುದು. ಹೆರಿಗೆಗಳ ನಡುವೆ ಸಾಕಷ್ಟು ಅಂತರ ಇಲ್ಲದಿರಬಹುದು. ಇವುಗಳಲ್ಲಿ ಯಾವುದು ಮಗುವಿನ ತೂಕವನ್ನು ತಗ್ಗಿಸಿತು ಎಂದು ರಕ್ತಪರೀಕ್ಷೆಯ ಒಂದು ಸಂಖ್ಯೆಯಿಂದ ಹೇಳಲಾಗದು. ಸಂಶೋಧಕರು ಲೆಕ್ಕದಲ್ಲಿ ಇವನ್ನೆಲ್ಲ ಸರಿದೂಗಿಸಲು ಯತ್ನಿಸುತ್ತಾರಾದರೂ, ಅಳೆಯದೆ ಬಿಟ್ಟ ಅಂಶವನ್ನು ಸರಿದೂಗಿಸುವುದು ಯಾರಿಂದಲೂ ಆಗದ ಕೆಲಸ.

ಈ ತೊಡಕು ಕೇವಲ ತಾರ್ಕಿಕವಾದುದಲ್ಲ. ಬೀಟಾ ಕ್ಯಾರೊಟಿನ್ ಅಂಶವುಳ್ಳ ಹಣ್ಣು ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿದ್ದವು. ಅದನ್ನು ನಂಬಿ ಫಿನ್ಲೆಂಡ್‌ನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ಪ್ರಯೋಗ ನಡೆಸಲಾಯಿತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿಯೇ ಕಂಡುಬಂದಿತು. ಮೊದಲು ಕಂಡದ್ದು ಆ ಆಹಾರವನ್ನು ತಿನ್ನುವವರ ಒಟ್ಟು ಜೀವನಕ್ರಮದ ಫಲವಾಗಿತ್ತೇ ಹೊರತು ಬೀಟಾ ಕ್ಯಾರೊಟಿನ್‌ನದಾಗಿರಲಿಲ್ಲ.

ಇಂತಹ ಗೊಂದಲವನ್ನು ಪರಿಹರಿಸುವ ಅತ್ಯುತ್ತಮ ಮಾರ್ಗವೆಂದರೆ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ. ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆಯನ್ನೂ ಕೊಡುತ್ತಾರೆ. ಚೀಟಿಗೆ ಬಡವ ಬಲ್ಲಿದರ ಭೇದವಿಲ್ಲದ ಕಾರಣ ಎರಡೂ ಗುಂಪುಗಳು ಉಳಿದೆಲ್ಲ ವಿಷಯದಲ್ಲಿ ಸರಿಸುಮಾರು ಸಮವಾಗಿರುತ್ತವೆ. ಆದರೆ ಎಲ್ಲವನ್ನೂ ಹೀಗೆ ಪರೀಕ್ಷಿಸಲಾಗದು. ಗರ್ಭಿಣಿಯರಿಗೆ ಬೇಕೆಂದೇ ಹಾನಿಕಾರಕ ವಸ್ತುವನ್ನು ಕೊಡುವಂತಿಲ್ಲ. ಮೂವತ್ತು ವರ್ಷ ಮದ್ಯಪಾನ ಮಾಡು ಎಂದು ಯಾರಿಗೂ ಚೀಟಿ ಎತ್ತುವಂತಿಲ್ಲ.

ವಿಧಾನದ ತಿರುಳು

ಪ್ರಕೃತಿಯು ತಾನಾಗಿಯೇ ಒಂದು ಬಗೆಯ ಚೀಟಿಯನ್ನು ಎತ್ತಿರುತ್ತದೆ ಎಂಬುದೇ ಮೆಂಡೆಲೀಯ ಯಾದೃಚ್ಛೀಕರಣದ ಆಧಾರ. ಲಿಂಗ ವರ್ಣತಂತುಗಳಲ್ಲಿರುವ ಕೆಲವನ್ನು ಬಿಟ್ಟರೆ ಪ್ರತಿಯೊಂದು ವಂಶವಾಹಿಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ನಾವು ನಮ್ಮ ಮಗುವಿಗೆ ಕೊಡುವುದು ಆ ಎರಡರಲ್ಲಿ ಒಂದನ್ನು ಮಾತ್ರ. ಯಾವ ಪ್ರತಿ ಮಗುವಿನ ಪಾಲಿಗೆ ಬರುತ್ತದೆ ಎಂಬುದು ಚೌಕಾಬಾರದಲ್ಲಿ ಒಂದು ಕವಡೆ ಬೋರಲಾಗಿ ಬೀಳುವುದೋ ಅಂಗಾತ ಬೀಳುವುದೋ ಎಂಬುದರಷ್ಟೇ ಅನಿಶ್ಚಿತ. ಮನೆಯ ಆದಾಯ, ತಾಯಿಯ ವಿದ್ಯೆ, ಊಟದ ಪದ್ಧತಿ ಯಾವುದೂ ಆ ಕವಡೆಯನ್ನು ಅಲುಗಿಸಲಾರದು.

ಈಗ ಒಂದು ವಂಶವಾಹಿಯ ಎರಡು ರೂಪಭೇದಗಳಿವೆ ಎಂದುಕೊಳ್ಳೋಣ. ಅವುಗಳಲ್ಲಿ ಒಂದು, ರಕ್ತದಲ್ಲಿರುವ ಯಾವುದೋ ರಾಸಾಯನಿಕದ ಮಟ್ಟವನ್ನು ಜೀವನಪರ್ಯಂತ ತುಸು ಏರಿಸಿಡುತ್ತದೆ. ಆ ರಾಸಾಯನಿಕವು ನಿಜವಾಗಿ ರೋಗಕಾರಕವಾಗಿದ್ದರೆ, ಆ ರೂಪಭೇದವುಳ್ಳವರಲ್ಲಿ ರೋಗವೂ ಸ್ವಲ್ಪ ಹೆಚ್ಚಾಗಿರಬೇಕು. ರಾಸಾಯನಿಕವು ನಿರಪರಾಧಿಯಾಗಿದ್ದರೆ, ಅದರ ಮಟ್ಟ ಎಷ್ಟೇ ಏರಿದರೂ ರೋಗದ ಪ್ರಮಾಣ ಬದಲಾಗಬಾರದು. ರೋಗ ಬಂದ ಮೇಲೆ ವಂಶವಾಹಿ ಬದಲಾಗುವುದಿಲ್ಲವಾದ್ದರಿಂದ ವಿಲೋಮ ಕಾರಣತೆಯ ಶಂಕೆಯೂ ಇಲ್ಲಿ ಬಹುಮಟ್ಟಿಗೆ ಕಳೆಯುತ್ತದೆ.

ವಂಶವಾಹಿಯನ್ನು ಇಲ್ಲಿ ರೋಗದ ಕಾರಣವೆಂದು ಹುಡುಕುತ್ತಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದು ಕೇವಲ ಒಂದು ಅಳತೆಗೋಲು. ಅದರ ಮೂಲಕ ಅಳೆಯುತ್ತಿರುವುದು ಆಹಾರ, ಮದ್ಯ, ಕೊಬ್ಬು ಮೊದಲಾದ ಬದಲಾಯಿಸಬಹುದಾದ ಅಂಶಗಳ ಪರಿಣಾಮವನ್ನು. ಪತ್ರಿಕಾ ವರದಿಗಳಲ್ಲಿ ಈ ಭೇದ ಮರೆಯಾಗಿ, ಯಾವುದೋ ರೋಗದ ಜೀನ್ ಪತ್ತೆಯಾಯಿತು ಎಂಬ ಶೀರ್ಷಿಕೆ ಬರುವುದುಂಟು.

ಇತಿಹಾಸ

ಅರ್ಥಶಾಸ್ತ್ರದಲ್ಲಿ ಉಪಕರಣ ಚರ ಎಂಬ ಹೆಸರಿನಲ್ಲಿ ಇದೇ ತರ್ಕವು ಮೊದಲೇ ಬಳಕೆಯಲ್ಲಿತ್ತು. ಅಮೆರಿಕದ ಫಿಲಿಪ್ ರೈಟ್ ಅವರು 1928ರಲ್ಲಿ ಪ್ರಾಣಿಜನ್ಯ ಮತ್ತು ಸಸ್ಯಜನ್ಯ ಎಣ್ಣೆಗಳ ಮೇಲಿನ ಸುಂಕವನ್ನು ಕುರಿತ ಪುಸ್ತಕದ ಅನುಬಂಧದಲ್ಲಿ ಅದನ್ನು ಮಂಡಿಸಿದ್ದರು. ಅವರ ಮಗ ಸೀವಾಲ್ ರೈಟ್ ಹೆಸರಾಂತ ತಳಿವಿಜ್ಞಾನಿ ಎಂಬುದು ಸ್ವಾರಸ್ಯಕರ ಸಂಗತಿ.

ರೋಗಗಳ ವಿಷಯಕ್ಕೆ ಈ ತರ್ಕವನ್ನು ತಂದವರು ನೆದರ್ಲೆಂಡ್ಸ್‌ನ ಮಾರ್ಟೈನ್ ಕಟಾನ್. ರಕ್ತದಲ್ಲಿ ಕೊಲೆಸ್ಟರಾಲ್ ಕಡಿಮೆಯಿರುವವರಿಗೆ ಕ್ಯಾನ್ಸರ್ ಹೆಚ್ಚು ಎಂಬ ವರದಿಗಳು ಆಗ ಬರುತ್ತಿದ್ದವು. ಕಡಿಮೆ ಕೊಲೆಸ್ಟರಾಲ್ ಕ್ಯಾನ್ಸರನ್ನು ತರುತ್ತದೆಯೋ, ಇನ್ನೂ ಪತ್ತೆಯಾಗದ ಕ್ಯಾನ್ಸರೇ ಕೊಲೆಸ್ಟರಾಲನ್ನು ಇಳಿಸುತ್ತದೆಯೋ? 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪತ್ರದಲ್ಲಿ ಕಟಾನ್ ಒಂದು ಉಪಾಯ ಸೂಚಿಸಿದರು. ಅಪೊಲಿಪೊಪ್ರೋಟೀನ್ ಇ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ರೂಪಭೇದವಿರುವವರಿಗೆ ಹುಟ್ಟಿನಿಂದಲೇ ಕೊಲೆಸ್ಟರಾಲ್ ಕಡಿಮೆ. ಕಡಿಮೆ ಕೊಲೆಸ್ಟರಾಲ್ ಕ್ಯಾನ್ಸರಿಗೆ ಕಾರಣವಾಗಿದ್ದರೆ, ಕ್ಯಾನ್ಸರ್ ರೋಗಿಗಳಲ್ಲಿ ಆ ರೂಪಭೇದ ಹೆಚ್ಚಾಗಿ ಸಿಗಬೇಕು. ಕಟಾನ್ ತಾವೇ ಆ ಪರೀಕ್ಷೆಯನ್ನು ನಡೆಸಲಿಲ್ಲ. ಡಿಎನ್‌ಎ ಪರೀಕ್ಷೆ ಆಗ ಇಂದಿನಷ್ಟು ಸುಲಭವೂ ಅಗ್ಗವೂ ಆಗಿರಲಿಲ್ಲ.

ಮೆಂಡೆಲೀಯ ಯಾದೃಚ್ಛೀಕರಣವೆಂಬ ಪದವನ್ನು 1991ರಲ್ಲಿ ಗ್ರೇ ಮತ್ತು ವೀಟ್ಲಿ ಎಂಬುವವರು ಅಸ್ಥಿಮಜ್ಜೆಯ ಕಸಿಯನ್ನು ಕುರಿತ ಲೇಖನದಲ್ಲಿ ಬಳಸಿದರು. ಇಂದಿನ ಅರ್ಥದಲ್ಲಿ ಅದಕ್ಕೆ ಪ್ರಚಾರ ದೊರೆತದ್ದು ಬ್ರಿಟನ್ನಿನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಅವರು 2003ರಲ್ಲಿ ಪ್ರಕಟಿಸಿದ ಲೇಖನದಿಂದ. ಅವರು ಚರ್ಚಿಸಿದ ಉದಾಹರಣೆಗಳಲ್ಲಿ ಒಂದು ಫೋಲಿಕ್ ಆಮ್ಲ ಮತ್ತು ಶಿಶುಗಳ ನರನಾಳ ದೋಷಕ್ಕೆ ಸಂಬಂಧಿಸಿದುದು. ಅಲ್ಲಿ ಅಳತೆಗೋಲಾದ ವಂಶವಾಹಿಯೇ ಮೈಸೂರಿನ ಅಧ್ಯಯನದಲ್ಲಿಯೂ ಬಂದಿತು.

ಮೈಸೂರಿನ ಹೆರಿಗೆ ದಾಖಲೆಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಇಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಹೆರಿಗೆ ದಾಖಲೆಗಳಲ್ಲಿ ಬರೆದಿಡಲಾಗಿತ್ತು. ಈ ದಾಖಲೆಗಳು ಅರ್ಧ ಶತಮಾನದ ಬಳಿಕ ವಿಜ್ಞಾನಕ್ಕೆ ಒದಗಿದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯನ್ನು ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗುತ್ತಿದ್ದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಮೂರು ಕಿಲೋಗೂ ಮೀರಿ ತೂಗಿದ್ದ, ಅಂದರೆ ಅಂದಿನ ಲೆಕ್ಕದಲ್ಲಿ ಏಳು ಪೌಂಡು ಅಥವಾ ಹೆಚ್ಚಿನ ತೂಕವಿದ್ದ ಗುಂಪಿನಲ್ಲಿ ಅದು ಶೇಕಡ 3 ಮಾತ್ರ. ಗರ್ಭದಲ್ಲಿ ಪಟ್ಟ ಕೊರತೆ ಮುಪ್ಪಿನವರೆಗೂ ಬೆನ್ನುಬಿಡದು ಎಂಬ ವಿಚಾರಕ್ಕೆ ಇದು ಭಾರತದಿಂದ ದೊರೆತ ಮುಖ್ಯ ಬೆಂಬಲ.

ಹಾಗಾದರೆ ಮಗುವಿನ ತೂಕವನ್ನು ನಿರ್ಧರಿಸುವ ಅಂಶ ತಾಯಿಯ ಆಹಾರದಲ್ಲಿ ಯಾವುದು? ಇದನ್ನು ತಿಳಿಯಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನ ಆರಂಭವಾಯಿತು. ಸುಮಾರು ಮೂವತ್ತನೆಯ ವಾರದಲ್ಲಿ ತಾಯಂದಿರ ರಕ್ತವನ್ನು ತೆಗೆದಿರಿಸಲಾಯಿತು. ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹದಿಹರೆಯದವರೆಗೂ, ಅದರಾಚೆಗೂ ಗಮನಿಸುತ್ತ ಬರಲಾಯಿತು. ಆ ರಕ್ತವನ್ನು ಪರೀಕ್ಷಿಸಿದಾಗ ಶೇಕಡ 43ರಷ್ಟು ತಾಯಂದಿರಲ್ಲಿ ಬಿ12 ಜೀವಸತ್ವದ ಮಟ್ಟ ಕಡಿಮೆಯಿತ್ತು. ಫೋಲೇಟ್ ಕಡಿಮೆಯಿದ್ದವರು ಶೇಕಡ 4 ಮಾತ್ರ. ಗರ್ಭಿಣಿಯರಿಗೆ ಕಬ್ಬಿಣದ ಜೊತೆ ಫೋಲಿಕ್ ಆಮ್ಲದ ಮಾತ್ರೆಯನ್ನು ನಮ್ಮಲ್ಲಿ ಬಹಳ ಕಾಲದಿಂದ ಕೊಡುತ್ತ ಬಂದಿದ್ದಾರೆ. ಸೊಪ್ಪು ಮತ್ತು ಬೇಳೆಕಾಳುಗಳಲ್ಲಿಯೂ ಫೋಲೇಟ್ ಇದೆ. ಆದರೆ ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರುಗಳಿಂದ ಬಿಟ್ಟರೆ ದೊರೆಯುವುದಿಲ್ಲ.

ಈ ಎರಡು ಜೀವಸತ್ವಗಳು ಕೂಡುವ ಸ್ಥಾನವೇ ಹೋಮೋಸಿಸ್ಟೀನ್. ಇದು ದೇಹದಲ್ಲಿ ಮೆಥಿಯೊನಿನ್ ಎಂಬ ಅಮೈನೋ ಆಮ್ಲದಿಂದ ಉಂಟಾಗುವ ವಸ್ತು. ಅದನ್ನು ಮರಳಿ ಮೆಥಿಯೊನಿನ್ ಆಗಿ ಪರಿವರ್ತಿಸಲು ಫೋಲೇಟ್ ಮತ್ತು ಬಿ12 ಎರಡೂ ಬೇಕು. ಒಂದರ ಕೊರತೆಯಾದರೂ ಹೋಮೋಸಿಸ್ಟೀನ್ ರಕ್ತದಲ್ಲಿ ಶೇಖರವಾಗುತ್ತದೆ. ಹೋಮೋಸಿಸ್ಟೀನ್ ಹೆಚ್ಚಿದ್ದ ತಾಯಂದಿರ ಮಕ್ಕಳ ತೂಕ ಕಡಿಮೆಯಿರುವುದು ಕಂಡುಬಂದಿತ್ತು. ಆದರೆ ಮೇಲೆ ಹೇಳಿದ ಗೊಂದಲ ಇಲ್ಲಿಯೂ ಇದ್ದೇ ಇದೆ. ಹೋಮೋಸಿಸ್ಟೀನ್ ಬಡತನದ ಗುರುತು ಮಾತ್ರವೇ ಆಗಿರಬಹುದಲ್ಲವೇ?

ಇಲ್ಲಿ ನೆರವಿಗೆ ಬಂದದ್ದು ಎಂಟಿಎಚ್‌ಎಫ್‌ಆರ್ ಎಂದು ಸಂಕ್ಷಿಪ್ತವಾಗಿ ಕರೆಯುವ ವಂಶವಾಹಿ. ಒಂದನೆಯ ವರ್ಣತಂತುವಿನಲ್ಲಿರುವ ಈ ವಂಶವಾಹಿ, ಫೋಲೇಟನ್ನು ಹೋಮೋಸಿಸ್ಟೀನಿನ ಪರಿವರ್ತನೆಗೆ ಬೇಕಾದ ರೂಪಕ್ಕೆ ತರುವ ಕಿಣ್ವವನ್ನು ತಯಾರಿಸುತ್ತದೆ. ಅದರ 677ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಸಿ ಎಂಬ ಅಕ್ಷರವಿರುತ್ತದೆ. ಕೆಲವರಲ್ಲಿ ಅದರ ಬದಲು ಟಿ ಇರುತ್ತದೆ. ಟಿ ರೂಪದ ಕಿಣ್ವವು ಶಾಖಕ್ಕೆ ಬೇಗ ಕೆಡುವಂಥದು, ಕೆಲಸದಲ್ಲಿಯೂ ಮಂದ. ಈ ಸಂಗತಿ 1995ರಲ್ಲಿ ಬೆಳಕಿಗೆ ಬಂದಿತು. ಎರಡೂ ಪ್ರತಿಗಳು ಟಿ ಆಗಿರುವವರಲ್ಲಿ ಹೋಮೋಸಿಸ್ಟೀನ್ ಹೆಚ್ಚು. ತಾಯಿಯಾಗುವವಳಿಗೆ ಟಿ ಬರುವುದೂ ಬರದಿರುವುದೂ ಆಕೆಯ ತಂದೆ ತಾಯಿಯರಿಂದ ಕವಡೆ ಬಿದ್ದ ಬಗೆ. ಆಕೆಯ ಗಂಡನ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಪಾರ್ಥೆನಾನ್ ಅಧ್ಯಯನದ ತಾಯಂದಿರು ಮತ್ತು ಮಹಾರಾಷ್ಟ್ರದ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಆರಂಭವಾಗಿದ್ದ ತಾಯಂದಿರ ಪೌಷ್ಟಿಕತೆಯ ಅಧ್ಯಯನದ ತಾಯಂದಿರು, ಈ ಎರಡೂ ಗುಂಪುಗಳ ಮಾಹಿತಿಯನ್ನು ಒಟ್ಟಿಗೆ ವಿಶ್ಲೇಷಿಸಲಾಯಿತು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಮೈಸೂರಿನ ಜಿ. ವಿ. ಕೃಷ್ಣವೇಣಿ, ಬ್ರಿಟನ್ನಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್, ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವಶಾಸ್ತ್ರ ಕೇಂದ್ರದ ಗಿರಿರಾಜ್ ಚಾಂಡಕ್ ಮೊದಲಾದವರು ಇದರಲ್ಲಿದ್ದರು. 2014ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಎಪಿಡೆಮಿಯಾಲಜಿ ಪತ್ರಿಕೆಯಲ್ಲಿ ಫಲಿತಾಂಶ ಹೊರಬಂದಿತು. ಟಿ ರೂಪಭೇದವಿದ್ದ ತಾಯಂದಿರಲ್ಲಿ ಹೋಮೋಸಿಸ್ಟೀನ್ ಹೆಚ್ಚಿತ್ತು. ಅವರ ಮಕ್ಕಳ ಜನನ ತೂಕ ಕಡಿಮೆಯಿತ್ತು. ತಾಯಿಯ ಹೋಮೋಸಿಸ್ಟೀನ್ ಮಗುವಿನ ತೂಕವನ್ನು ಇಳಿಸುವ ನಿಜವಾದ ಕಾರಣಗಳಲ್ಲಿ ಒಂದು ಎಂಬ ಅಭಿಪ್ರಾಯಕ್ಕೆ ಇದು ಪುಷ್ಟಿ ನೀಡಿತು.

ತಾಯಿ ಮಗುವಿನ ಅಧ್ಯಯನಗಳಲ್ಲಿ ಒಂದು ವಿಶೇಷ ತೊಡಕಿದೆ. ತಾಯಿಯ ವಂಶವಾಹಿಗಳಲ್ಲಿ ಅರ್ಧ ಮಗುವಿಗೂ ಬಂದಿರುತ್ತದೆ. ಆದ್ದರಿಂದ ತೂಕ ಇಳಿದದ್ದು ಗರ್ಭದೊಳಗಿನ ವಾತಾವರಣದಿಂದಲೋ, ಮಗುವಿನ ಸ್ವಂತ ವಂಶವಾಹಿಯಿಂದಲೋ ಎಂಬುದನ್ನು ಬೇರ್ಪಡಿಸಬೇಕಾಗುತ್ತದೆ. ಇದಕ್ಕಾಗಿಯೇ ಇಂತಹ ಅಧ್ಯಯನಗಳಲ್ಲಿ ತಾಯಿಯದಷ್ಟೇ ಅಲ್ಲದೆ ಮಗುವಿನ ಡಿಎನ್‌ಎಯನ್ನೂ ಪರೀಕ್ಷಿಸುತ್ತಾರೆ.

ಕಾರಣವೆಂದು ತೋರಿದ್ದನ್ನು ಸರಿಪಡಿಸಿದರೆ ಫಲ ದೊರೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಅಮೆರಿಕದ ಸಂಶೋಧಕರೊಡನೆ 366 ಗರ್ಭಿಣಿಯರ ಮೇಲೆ ನಡೆಸಿದ ಯಾದೃಚ್ಛಿಕ ಪ್ರಯೋಗದ ವರದಿಯೂ 2014ರಲ್ಲಿಯೇ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಹೆರಿಗೆಯಾಗಿ ಆರು ವಾರಗಳವರೆಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಡಲಾಗಿತ್ತು. ತಾಯಿಯ ರಕ್ತ, ಎದೆಹಾಲು, ಶಿಶುವಿನ ರಕ್ತ ಮೂರರಲ್ಲಿಯೂ ಬಿ12 ಏರಿತು. ಗರ್ಭದಲ್ಲಿ ಬೆಳವಣಿಗೆ ಕುಂಠಿತವಾದ ಶಿಶುಗಳು ಬಿ12 ಗುಂಪಿನಲ್ಲಿ ಶೇಕಡ 25, ಹುಸಿ ಮಾತ್ರೆಯ ಗುಂಪಿನಲ್ಲಿ ಶೇಕಡ 34. ವ್ಯತ್ಯಾಸವು ನಿರೀಕ್ಷಿತ ದಿಕ್ಕಿನಲ್ಲಿಯೇ ಇದೆ. ಆದರೆ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ. ತೂಕದ ಏರಿಳಿತಕ್ಕೆ ಹಲವು ಕಾರಣಗಳಿರುವಾಗ, ಅವುಗಳಲ್ಲಿ ಒಂದರ ಪರಿಣಾಮವನ್ನು ಖಚಿತವಾಗಿ ಗುರುತಿಸಲು ನೂರಾರು ತಾಯಂದಿರು ಸಾಲದೆ ಹೋಗಬಹುದು.

ಲೆಕ್ಕದ ಬಗೆ

ಅತ್ಯಂತ ಸರಳವಾದ ಲೆಕ್ಕವೆಂದರೆ ಒಂದು ಭಾಗಾಕಾರ. ವಂಶವಾಹಿಯು ರೋಗದ ಮೇಲೆ ಬೀರುವ ಪರಿಣಾಮವನ್ನು, ಅದು ಮಧ್ಯದ ಅಂಶದ ಮೇಲೆ ಬೀರುವ ಪರಿಣಾಮದಿಂದ ಭಾಗಿಸುತ್ತಾರೆ. ತಿಳಿವಿಗಾಗಿ ಕಲ್ಪಿಸಿದ ಅಂಕಿಗಳನ್ನು ತೆಗೆದುಕೊಳ್ಳೋಣ. ತಾಯಿಯಲ್ಲಿ ಟಿ ರೂಪದ ಒಂದೊಂದು ಪ್ರತಿಯೂ ಹೋಮೋಸಿಸ್ಟೀನನ್ನು 2 ಮಾನದಷ್ಟು ಏರಿಸುತ್ತದೆ, ಮಗುವಿನ ತೂಕವನ್ನು 40 ಗ್ರಾಂ ಇಳಿಸುತ್ತದೆ ಎಂದಿಟ್ಟುಕೊಂಡರೆ, ಹೋಮೋಸಿಸ್ಟೀನ್ 1 ಮಾನ ಏರಿದಾಗ ತೂಕ 20 ಗ್ರಾಂ ಇಳಿಯುತ್ತದೆ ಎಂದಾಯಿತು. ಒಂದೇ ರೂಪಭೇದದ ಪರಿಣಾಮ ಸಾಮಾನ್ಯವಾಗಿ ಅತ್ಯಲ್ಪವಾದ್ದರಿಂದ ಈಗ ಹತ್ತಾರು, ನೂರಾರು ರೂಪಭೇದಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕುವುದುಂಟು. ಭಾಜ್ಯವನ್ನು ಒಂದು ಜನಸಮೂಹದಿಂದಲೂ ಭಾಜಕವನ್ನು ಇನ್ನೊಂದರಿಂದಲೂ ಪಡೆಯುವ ದ್ವಿಮಾದರಿ ವಿಧಾನವೂ ಇದೆ.

ಷರತ್ತುಗಳು

ಈ ತರ್ಕ ನಿಲ್ಲಬೇಕಾದರೆ ಮೂರು ಷರತ್ತುಗಳು ಈಡೇರಬೇಕು. ರೂಪಭೇದಕ್ಕೂ ಮಧ್ಯದ ಅಂಶಕ್ಕೂ ನಿಶ್ಚಿತವಾದ ಸಂಬಂಧವಿರಬೇಕು. ಇದನ್ನು ದತ್ತಾಂಶದಲ್ಲಿಯೇ ಪರೀಕ್ಷಿಸಬಹುದು. ರೂಪಭೇದಕ್ಕೂ ಗೊಂದಲಕಾರಿ ಅಂಶಗಳಿಗೂ ಸಂಬಂಧವಿರಬಾರದು. ರೂಪಭೇದವು ಆ ಮಧ್ಯದ ಅಂಶದ ಮೂಲಕವೇ ರೋಗವನ್ನು ತಲುಪಬೇಕು, ಬೇರೆ ಅಡ್ಡದಾರಿ ಇರಬಾರದು. ಕೊನೆಯ ಎರಡನ್ನು ಪೂರ್ಣವಾಗಿ ಸಾಬೀತುಪಡಿಸುವ ಮಾರ್ಗವಿಲ್ಲ; ಜೀವಶಾಸ್ತ್ರದ ತಿಳಿವಳಿಕೆಯಿಂದ ಸಮರ್ಥಿಸಿಕೊಳ್ಳಬೇಕಷ್ಟೆ.

ಒಂದೇ ವಂಶವಾಹಿ ಹಲವು ಕೆಲಸಗಳನ್ನು ಮಾಡುವುದು ಸಾಮಾನ್ಯ. ಎಂಟಿಎಚ್‌ಎಫ್‌ಆರ್ ಕೂಡ ಫೋಲೇಟಿನ ಇಡೀ ಚಕ್ರವನ್ನು ಮುಟ್ಟುವಂಥದು; ಹಾಗಾಗಿ ಮೈಸೂರಿನ ಫಲಿತಾಂಶದಲ್ಲಿ ದೋಷಿ ಹೋಮೋಸಿಸ್ಟೀನೇ ಅಥವಾ ಅದರ ಹಿಂದಿರುವ ಫೋಲೇಟ್ ಮತ್ತು ಬಿ12ಗಳ ಅಸಮತೋಲವೇ ಎಂಬುದನ್ನು ಈ ಒಂದು ವಂಶವಾಹಿಯಿಂದಲೇ ತೀರ್ಮಾನಿಸಲಾಗದು.

ಜಾತಿ, ಊಟ ಮತ್ತು ವಂಶವಾಹಿ

ಎರಡನೆಯ ಷರತ್ತು ನಮ್ಮ ದೇಶದಲ್ಲಿ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಪಾಶ್ಚಾತ್ಯ ಪಠ್ಯಗಳಲ್ಲಿ ಇದಕ್ಕೆ ಒಂದೆರಡು ವಾಕ್ಯ ಮೀಸಲಾಗಿದ್ದರೆ, ಇಲ್ಲಿ ಒಂದು ಅಧ್ಯಾಯವೇ ಬೇಕಾದೀತು.

ಭಾರತದಲ್ಲಿ ಸಾವಿರಾರು ಸಮುದಾಯಗಳು ಶತಮಾನಗಳಿಂದ ತಮ್ಮ ತಮ್ಮೊಳಗೇ ಮದುವೆ ಸಂಬಂಧ ಬೆಳೆಸಿಕೊಂಡು ಬಂದಿವೆ. ಇದರಿಂದ ಒಂದು ರೂಪಭೇದ ಒಂದು ಸಮುದಾಯದಲ್ಲಿ ಹೆಚ್ಚಾಗಿಯೂ ಪಕ್ಕದ ಬೀದಿಯ ಇನ್ನೊಂದು ಸಮುದಾಯದಲ್ಲಿ ಕಡಿಮೆಯಾಗಿಯೂ ಇರಬಹುದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದ ಲಕ್ಷಣವನ್ನು ಫಿನ್ಲೆಂಡಿನ ಜನರಿಗಿಂತಲೂ ತೀವ್ರವಾಗಿ ತೋರುತ್ತವೆ ಎಂದು ಕಂಡಿತು.

ಇದೇ ಸಮುದಾಯಗಳು ಊಟದಲ್ಲಿಯೂ ಭಿನ್ನ. ಒಂದು ಮನೆಯಲ್ಲಿ ಮಾಂಸ ಮೊಟ್ಟೆಗಳಿಗೆ ಪ್ರವೇಶವಿಲ್ಲ. ಇನ್ನೊಂದರಲ್ಲಿ ವಾರಕ್ಕೊಮ್ಮೆ ಬಾಡೂಟವಿದೆ. ಸಸ್ಯಾಹಾರಿ ಸಮುದಾಯದಲ್ಲಿ ಬಿ12 ಕಡಿಮೆಯಾಗಿ ಹೋಮೋಸಿಸ್ಟೀನ್ ಏರಿರುತ್ತದೆ ಎಂದುಕೊಳ್ಳೋಣ. ಅದೇ ಸಮುದಾಯದಲ್ಲಿ ಆಕಸ್ಮಿಕವಾಗಿ ಟಿ ರೂಪಭೇದವೂ ಹೆಚ್ಚಾಗಿದ್ದರೆ? ಆಗ ಟಿ ಮತ್ತು ಹೋಮೋಸಿಸ್ಟೀನ್‌ಗಳ ಸಂಬಂಧದಲ್ಲಿ ಊಟದ ಪಾಲು ಎಷ್ಟು, ವಂಶವಾಹಿಯ ಪಾಲು ಎಷ್ಟು ಎಂದು ಹೇಳಲಾಗದು. ಆಸ್ತಿ, ವಿದ್ಯೆ, ಮದುವೆಯ ವಯಸ್ಸು ಇವೂ ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತವೆ. ಹೊರಹಾಕಿದೆವೆಂದುಕೊಂಡ ಗೊಂದಲಕಾರಿ ಅಂಶ ಹಿತ್ತಲ ಬಾಗಿಲಿನಿಂದ ಒಳಬಂದಂತಾಯಿತು. ಜೀನೋಮಿನ ಬೇರೆ ಬೇರೆ ಭಾಗಗಳ ರೂಪಭೇದಗಳಿಂದ ಪೂರ್ವಜ ಮೂಲವನ್ನು ಅಂದಾಜು ಮಾಡಿ ಲೆಕ್ಕದಲ್ಲಿ ಸರಿದೂಗಿಸುವ ಕ್ರಮವಿದೆ. ಅದು ಬಹಳಷ್ಟು ನೆರವಾಗುತ್ತದೆ, ಎಲ್ಲವನ್ನೂ ತೊಡೆದುಹಾಕುವುದಿಲ್ಲ.

ರಕ್ತಸಂಬಂಧದ ಮದುವೆಗಳು ಇನ್ನೊಂದು ಅಂಶ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿಯನ್ನು ಕಲೆಹಾಕಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ಸೋದರಮಾವನೊಡನೆಯೋ, ಅತ್ತೆಯ ಅಥವಾ ಸೋದರಮಾವನ ಮಗನೊಡನೆಯೋ ನಡೆದಿತ್ತು. ಇಂತಹ ದಂಪತಿಗಳ ಮಕ್ಕಳಲ್ಲಿ ಎರಡೂ ಪ್ರತಿಗಳು ಒಂದೇ ರೂಪದ್ದಾಗಿರುವ ಸಂಭವ ಹೆಚ್ಚು. ಅಧ್ಯಯನದಲ್ಲಿ ಪಾಲ್ಗೊಂಡವರೇ ಪರಸ್ಪರ ನೆಂಟರಾಗಿರುವುದೂ ಉಂಟು. ಅದನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಫಲಿತಾಂಶ ಇರುವುದಕ್ಕಿಂತ ಹೆಚ್ಚು ಖಚಿತವಾಗಿ ತೋರುತ್ತದೆ.

ನಿಜವಾದ ಚೀಟಿ ಎತ್ತುವಿಕೆ ನಡೆಯುವುದು ಕುಟುಂಬದೊಳಗೆ ಮಾತ್ರ. ಒಂದೇ ತಂದೆ ತಾಯಿಯರ ಮಕ್ಕಳಲ್ಲಿ ಅಕ್ಕನಿಗೆ ಟಿ ಬಂದು ತಂಗಿಗೆ ಬಾರದಿದ್ದರೆ, ಅವರಿಬ್ಬರ ಜಾತಿ, ಬಾಲ್ಯದ ಮನೆ, ಊಟ ಒಂದೇ ಆಗಿರುತ್ತವೆ. ಆದ್ದರಿಂದ ಒಡಹುಟ್ಟಿದವರನ್ನು ಹೋಲಿಸುವ ಅಧ್ಯಯನಗಳು ಹೆಚ್ಚು ವಿಶ್ವಾಸಾರ್ಹ. ಅವಕ್ಕೆ ಬಹು ದೊಡ್ಡ ಸಂಖ್ಯೆಯ ಕುಟುಂಬಗಳು ಬೇಕಾಗುವುದೇ ಅಡಚಣೆ.

ಅದೇ ವಂಶವಾಹಿ, ಬೇರೆ ಪಾಠ

ಹೋಮೋಸಿಸ್ಟೀನ್ ಹೃದಯಾಘಾತಕ್ಕೂ ಕಾರಣವೆಂದು ಒಂದು ಕಾಲದಲ್ಲಿ ಬಲವಾಗಿ ನಂಬಲಾಗಿತ್ತು. ಎಂಟಿಎಚ್‌ಎಫ್‌ಆರ್ ಅಧ್ಯಯನಗಳನ್ನು ಕ್ರೋಡೀಕರಿಸಿದ 2002ರ ಲೇಖನವೊಂದು ಈ ನಂಬಿಕೆಯನ್ನು ಎತ್ತಿಹಿಡಿಯಿತು. ಆದರೆ 2006ರ ಸುಮಾರಿಗೆ ಬಂದ ದೊಡ್ಡ ಪ್ರಯೋಗಗಳಲ್ಲಿ ಫೋಲಿಕ್ ಆಮ್ಲ ಮತ್ತು ಬಿ ಜೀವಸತ್ವಗಳ ಮಾತ್ರೆಗಳು ಹೋಮೋಸಿಸ್ಟೀನನ್ನು ಇಳಿಸಿದರೂ ಹೃದಯಾಘಾತವನ್ನು ತಗ್ಗಿಸಲಿಲ್ಲ. ವಿಧಾನವೇ ತಪ್ಪಿತೇ? 2012ರಲ್ಲಿ ಸಂಶೋಧಕರು ಅಲ್ಲಿಯವರೆಗೆ ಪ್ರಕಟವಾಗದೆ ಉಳಿದಿದ್ದ 19 ದತ್ತಾಂಶಗಳನ್ನು ಒಟ್ಟುಗೂಡಿಸಿದರು. ಅವುಗಳಲ್ಲಿ 48,175 ಹೃದ್ರೋಗಿಗಳಿದ್ದರು. ಟಿ ರೂಪಭೇದಕ್ಕೂ ಹೃದ್ರೋಗಕ್ಕೂ ಗಣನೀಯ ಸಂಬಂಧ ಕಾಣಲಿಲ್ಲ. ಪ್ರಕಟವಾಗಿದ್ದ ಅಧ್ಯಯನಗಳನ್ನು ಮಾತ್ರ ಕೂಡಿಸಿದಾಗ ಸಂಬಂಧ ಕಾಣುತ್ತಿತ್ತು. ಸಂಬಂಧ ತೋರಿಸಿದ ಲೇಖನಗಳು ಅಚ್ಚಾದವು, ತೋರಿಸದವು ಕಪಾಟಿನಲ್ಲಿ ಉಳಿದವು. ದಾರಿ ತಪ್ಪಿಸಿದ್ದು ಈ ಪಕ್ಷಪಾತ. ಮೈಸೂರು ಪುಣೆಗಳ ಫಲಿತಾಂಶವನ್ನೂ ಇತರ ಊರುಗಳ ತಾಯಂದಿರಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕೆನ್ನುವುದು ಇದೇ ಕಾರಣಕ್ಕೆ.

ಇತರ ಮುಖ್ಯ ಬಳಕೆಗಳು

ಕೊಲೆಸ್ಟರಾಲ್ ವಿಷಯದಲ್ಲಿ ಈ ವಿಧಾನ ಹೆಚ್ಚಿನ ಯಶಸ್ಸು ಕಂಡಿದೆ. ಪಿಸಿಎಸ್‌ಕೆ9 ಎಂಬ ವಂಶವಾಹಿ ಕೆಲಸ ಮಾಡದ ಅಮೆರಿಕದ ಕೆಲವು ಕಪ್ಪು ಜನರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಶೇಕಡ 28ರಷ್ಟೂ ಹೃದ್ರೋಗದ ಅಪಾಯ ಶೇಕಡ 88ರಷ್ಟೂ ಕಡಿಮೆಯಿರುವುದು 2006ರಲ್ಲಿ ವರದಿಯಾಯಿತು. ಅದನ್ನೇ ಅನುಕರಿಸುವ ಔಷಧಗಳು 2015ರಲ್ಲಿ ಬಳಕೆಗೆ ಬಂದವು. ಇದಕ್ಕೆ ವಿರುದ್ಧವಾಗಿ, ಒಳ್ಳೆಯ ಕೊಲೆಸ್ಟರಾಲ್ ಎಂದು ಜನಪ್ರಿಯವಾದ ಎಚ್‌ಡಿಎಲ್ ಅನ್ನು ಹುಟ್ಟಿನಿಂದಲೇ ಹೆಚ್ಚಾಗಿ ಪಡೆದವರಿಗೆ ಹೃದಯಾಘಾತವೇನೂ ಕಡಿಮೆಯಾಗಿಲ್ಲವೆಂದು 2012ರ ಅಧ್ಯಯನ ತೋರಿಸಿತು. ಪೂರ್ವ ಏಷ್ಯಾದಲ್ಲಿ ಮದ್ಯ ಸೇವಿಸಿದೊಡನೆ ಮುಖ ಕೆಂಪಾಗಿ ಸಂಕಟಪಡುವ, ಆದ್ದರಿಂದ ಕಡಿಮೆ ಕುಡಿಯುವ ಜನರಿದ್ದಾರೆ; ಇದು ವಂಶವಾಹಿಯ ರೂಪಭೇದದಿಂದ ಬಂದ ಗುಣ. ಚೀನಾದಲ್ಲಿ ಇದನ್ನು ಬಳಸಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಮಿತವಾದ ಮದ್ಯಪಾನ ಪಾರ್ಶ್ವವಾಯುವಿನಿಂದ ರಕ್ಷಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲವೆಂದು ಹೇಳಿತು.

ಭಾರತದ ದತ್ತಾಂಶ

ವಂಶವಾಹಿ ರೂಪಭೇದಗಳನ್ನೂ ರೋಗಗಳನ್ನೂ ಜೋಡಿಸಿದ ಜಗತ್ತಿನ ದತ್ತಾಂಶದಲ್ಲಿ ಬಹುಪಾಲು ಯುರೋಪ್ ಮೂಲದ ಜನರದು. ಅದು ಅಂತರಜಾಲದಲ್ಲಿ ಸುಲಭವಾಗಿ ದೊರೆಯುವುದರಿಂದ, ಗಣಕಯಂತ್ರದ ಮುಂದೆ ಕುಳಿತೇ ಬರೆದ ಮೆಂಡೆಲೀಯ ಯಾದೃಚ್ಛೀಕರಣದ ಲೇಖನಗಳು ಇತ್ತೀಚೆಗೆ ವಿಪರೀತವಾಗಿ ಹೆಚ್ಚಿವೆ. ಅವುಗಳ ಗುಣಮಟ್ಟದ ಬಗೆಗೆ ಆಕ್ಷೇಪಗಳೂ ಇವೆ. ಇಂತಹ ಅಧ್ಯಯನಗಳನ್ನು ವರದಿ ಮಾಡುವ ಕ್ರಮವನ್ನು ಕುರಿತು 2021ರಲ್ಲಿ ಮಾರ್ಗಸೂಚಿಯೊಂದು ಪ್ರಕಟವಾಗಿದೆ. ಯುರೋಪಿನಲ್ಲಿ ಉತ್ತಮ ಅಳತೆಗೋಲಾದ ರೂಪಭೇದ ನಮ್ಮಲ್ಲಿ ವಿರಳವಾಗಿರಬಹುದು. ಎಂಟಿಎಚ್‌ಎಫ್‌ಆರ್ ವಂಶವಾಹಿಯ ಟಿ ರೂಪವೇ ಭಾರತೀಯರಲ್ಲಿ ಯುರೋಪಿನವರಿಗಿಂತ ಕಡಿಮೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ಜೀನೋಮ್ ಇಂಡಿಯಾ ಯೋಜನೆಯನ್ನು ನಡೆಸಿದವು. 83 ಜನಸಮುದಾಯಗಳ ಸುಮಾರು 10,000 ಮಂದಿಯ ಜೀನೋಮ್ ಮಾಹಿತಿಯನ್ನು ಸಂಶೋಧಕರಿಗೆ ಒದಗಿಸುವುದಾಗಿ 2025ರ ಜನವರಿಯಲ್ಲಿ ಪ್ರಕಟಿಸಲಾಯಿತು. ಆದರೆ ಜೀನೋಮ್ ಒಂದೇ ಇದ್ದರೆ ಸಾಲದು. ಅದೇ ವ್ಯಕ್ತಿಗಳ ರಕ್ತಪರೀಕ್ಷೆ, ಆಹಾರ, ರೋಗಗಳ ದೀರ್ಘಕಾಲದ ದಾಖಲೆಯೂ ಬೇಕು. ಮೈಸೂರಿನ ಹೆರಿಗೆ ದಾಖಲೆಗಳು ಒದಗಿಸಿದ್ದು ಅದನ್ನೇ. ಅದೇ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ಹಲವು ವರ್ಷಗಳ ಕಾಲ ಮರಳಿ ಮರಳಿ ಪರೀಕ್ಷಿಸುವ ಅಧ್ಯಯನವನ್ನು ಕೈಗೊಂಡಿದೆ. ಮರೆಗುಳಿತನದ ಕಾರಣಗಳನ್ನು ಹುಡುಕುವುದು ಅದರ ಮುಖ್ಯ ಉದ್ದೇಶವಾಗಿದ್ದು, ಪಾಲ್ಗೊಳ್ಳುವವರ ವಂಶವಾಹಿ ಮಾಹಿತಿಯನ್ನೂ ಅದರಲ್ಲಿ ಸಂಗ್ರಹಿಸಲಾಗುತ್ತಿದೆ.